ಹದಿನೆಂಟು ಇಂಚಿನ ಹರಿಹರ

ಹರಿಹರೇಶ್ವರ ದೇವಸ್ಥಾನದಲ್ಲಿ ಬೆಳಗಿನ ಪೂಜೆಯ ಗದ್ದಲ ಮುಗಿದ ಮೇಲೆ ಒಂದಿಷ್ಟು ಬಿಡುವು ಸಿಗುತ್ತದೆ. ಆಗ ಗರ್ಭಗುಡಿಯ ಮುಂದೆ ನಿಂತು ದೇವರನ್ನು ನಿಧಾನವಾಗಿ ನೋಡಬಹುದು. ಮೂರ್ತಿಯ ಬಲಭಾಗ ಶಿವ, ಎಡಭಾಗ ವಿಷ್ಣು. ಹಣೆ ಒಂದೇ, ಮೂಗು ಒಂದೇ, ಬಾಯಿ ಒಂದೇ. ಹರಿಯಿಂದಲೂ ಸಾವಿಲ್ಲ, ಹರನಿಂದಲೂ ಸಾವಿಲ್ಲ ಎಂದು ವರ ಪಡೆದು ಮೆರೆದ ಗುಹಾಸುರನನ್ನು ಮುಗಿಸಲು ಇಬ್ಬರೂ ಒಂದೇ ಮೈಯಾಗಿ ಬಂದರು ಎನ್ನುವುದು ಇಲ್ಲಿಯ ಸ್ಥಳಪುರಾಣ. ಊರಿಗೆ ಹೆಸರು ಬಂದದ್ದೂ ಆ ಮೈಯಿಂದಲೇ.

ಭಕ್ತರು ಕೈಮುಗಿದು, ತೀರ್ಥ ತಗೊಂಡು ಮುಂದೆ ಸಾಗುತ್ತಾರೆ. ಗೊಂಬೆ ಮಾಡುವವರು ಹಾಗೆ ಸಾಗಲಾರರು. ಅವರ ಕಣ್ಣು ಜಟೆ ಮುಗಿದು ಕಿರೀಟ ಶುರುವಾಗುವ ಗೆರೆಯ ಮೇಲೆ ನಿಂತುಬಿಡುತ್ತದೆ. ದಾವಣಗೆರೆಯ ವಿದ್ಯಾನಗರದಿಂದ ನನ್ನ ಜೊತೆ ಬಂದಿದ್ದ ಆ ತಾಯಿ ನಿಂತದ್ದೂ ಹಾಗೆಯೇ. ಮಕ್ಕಳು ಓದು ಮುಗಿಸಿ ಬೇರೆ ಊರು ಸೇರಿದ ಮೇಲೆ ಗೊಂಬೆ ಮಾಡುವುದನ್ನು ಕೈಗೆತ್ತಿಕೊಂಡವರು ಅವರು. ಈ ಸಲದ ದಸರಾ ಗೊಂಬೆ ಸ್ಪರ್ಧೆಗೆ ಹದಿನೆಂಟು ಇಂಚಿನ ಹರಿಹರನನ್ನು ಮಾಡಿ ಇಡಬೇಕೆಂದು ಹಟ ಹಿಡಿದಿದ್ದರು.

"ಕಲ್ಲಲ್ಲಿ ಕಡೆದೋರಿಗೆ ಒಂದು ಅನುಕೂಲ ಇತ್ತು ನೋಡ್ರಿ, ಸರ. ಕಲ್ಲಿಗೆ ಬಣ್ಣ ಇಲ್ಲ. ನನಗೆ ಅರ್ಧ ಮುಖ ವಿಭೂತಿ ಬಿಳುಪು, ಅರ್ಧ ಮುಖ ಮೋಡದ ನೀಲಿ. ಎರಡೂ ಮೂಗಿನ ಮ್ಯಾಲೆ ಕೂಡಬೇಕು. ಗೆರೆ ಎಳದಂಗೆ ಕಾಣಿಸಿದ್ರೆ ಅದು ಗೊಂಬೆ ಅಲ್ಲ, ನಾಟಕದ ಮುಖವಾಡ."

ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೊಲಾಳ್ವ 1224ರಲ್ಲಿ ಈ ಗುಡಿ ಕಟ್ಟಿಸಿದ. ಮುಂದೆ 1268ರಲ್ಲಿ ಸೋಮನಾಥಪುರದ ಸೋಮ ದಂಡನಾಯಕ ಇದನ್ನು ಇನ್ನಷ್ಟು ಬೆಳೆಸಿದ. ಸಭಾಮಂಟಪದ ಕಂಬಗಳ ಮುಂದೆ ಕೂತರೆ ಮೈಯೆಲ್ಲ ದುಂಡು ಪಟ್ಟಿಗಳು, ಬಳೆ ತೊಡಿಸಿದಂಥ ಸುತ್ತುಗಳು. ಕಲ್ಲನ್ನು ತಿರುಗಿಸುತ್ತ ಕಡೆದ ಕೆಲಸ ಅದು. ಇದೇ ಊರಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಯಿತು. ಅಲ್ಲಿ ತಯಾರಾದದ್ದು ಲೇತ್ ಯಂತ್ರ, ಅಂದರೆ ಕಬ್ಬಿಣವನ್ನು ತಿರುಗಿಸುತ್ತ ಕಡೆಯುವ ಯಂತ್ರ. ಹರಿಹರದ ಎಷ್ಟೋ ಮನೆಗಳ ಒಲೆ ಆ ಕಾರ್ಖಾನೆಯ ಸೈರನ್ನಿನ ಲೆಕ್ಕದಲ್ಲೇ ಹೊತ್ತುತ್ತಿತ್ತು. ಈ ಶತಮಾನದ ಆರಂಭದಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. ಕೈಕೆಲಸ ಬಲ್ಲವರು ಊರಲ್ಲಿ ಇನ್ನೂ ಇದ್ದಾರೆ. ಆ ತಾಯಿಯ ಗೊಂಬೆಗೆ ಮರದ ಪೀಠ ಮಾಡಿಕೊಟ್ಟವರು ಅಂಥ ಹಿರಿಯರೊಬ್ಬರು. ಮೂರು ಇಂಚು ಅಗಲದ ಪೀಠ, ಅಂಚಿಗೆ ಎರಡು ಸುತ್ತು ಗೀರು, ನಡುವೆ ಗೊಂಬೆಯ ಕಾಲಿನ ತಂತಿ ಇಳಿಸಲು ಸಣ್ಣ ತೂತು. ಚನ್ನಪಟ್ಟಣದ ಗೊಂಬೆಯವರು ಹಾಲೆ ಮರವನ್ನು ತಿರುಗಿಸಿ, ಅರಗು ಒತ್ತಿ, ಆ ಬಿಸಿಗೆ ಕರಗಿದ ಬಣ್ಣಕ್ಕೆ ಒಣಗರಿಯಿಂದ ಹೊಳಪು ಕೊಡುವುದೂ ಇಂಥದೇ ಚಕ್ರದ ಮೇಲೆ. ಕಲ್ಲು, ಕಬ್ಬಿಣ, ಮರ ಮೂರನ್ನೂ ತಿರುಗಿಸಿ ರೂಪ ಕೊಡಬಲ್ಲ ನಾಡು ನಮ್ಮದು ಎನ್ನುವುದು ಆ ಪೀಠವನ್ನು ಕೈಯಲ್ಲಿ ಹಿಡಿದಾಗ ನನಗೆ ಹೊಳೆದ ಮಾತು.

ದಾವಣಗೆರೆಗೆ ಹಿಂತಿರುಗುವ ಹಾದಿ ಉದ್ದದ್ದೇನಲ್ಲ. ಬಾತಿ ಗುಡ್ಡ ದಾಟಿದರೆ ಊರು ಬಂದಂತೆಯೇ. ವಿದ್ಯಾನಗರದ ಆ ಮನೆಯಲ್ಲಿ ಗೊಂಬೆ ಕೆಲಸಕ್ಕೆಂದು ಬೇರೆ ಕೋಣೆಯಿಲ್ಲ. ಹಿತ್ತಲ ಕಡೆಯ ವರಾಂಡದಲ್ಲಿ ಹಳೆಯ ಹೊಲಿಗೆ ಮಷಿನ್ನು, ಅದರ ಪಕ್ಕ ಒಂದು ಸ್ಟೂಲು, ಗೋಡೆಗೆ ತಗುಲಿಸಿದ ಪ್ಲಾಸ್ಟಿಕ್ ಬುಟ್ಟಿಗಳು. ಒಂದರಲ್ಲಿ ಬೈಂಡಿಂಗ್ ತಂತಿ, ಇನ್ನೊಂದರಲ್ಲಿ ಅಡುಗೆಮನೆಯ ಫಾಯಿಲ್ ಸುರುಳಿ. ಮತ್ತೊಂದರ ತುಂಬ ಚೌಕಿಪೇಟೆಯ ದರ್ಜಿಗಳು ಕೊಟ್ಟ ತುಂಡು ಬಟ್ಟೆ: ರೇಷ್ಮೆ, ಇಳಕಲ್ಲಿನ ಸೆರಗಿನ ಚೂರು, ಬ್ಲೌಸಿಗೆ ಬೇಡವಾಗಿ ಉಳಿದ ಜರಿಯಂಚು. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದಲೇ ಹೆಸರಾದ ಊರಿದು. ಬಟ್ಟೆಯ ಚೂರಿಗೆ ಇಲ್ಲಿ ಬರವಿಲ್ಲ.

ಗೊಂಬೆಯ ಕೆಲಸ ತಂತಿಯ ಅಸ್ಥಿಪಂಜರದಿಂದ ಶುರು. ತಂತಿಯ ಮೇಲೆ ಫಾಯಿಲ್ ಸುತ್ತಿ ಮೈ ತುಂಬಿಸುತ್ತಾರೆ. ಅದರ ಮೇಲೆ ಮುದ್ದೆ. ಪಾಲಿಮರ್ ಕ್ಲೇ ಎನ್ನುವ ಮಣ್ಣು ಸಿಗುತ್ತದೆ. ಅದನ್ನು ಸುಮಾರು 130 ಡಿಗ್ರಿ ಶಾಖದಲ್ಲಿ ಓವನ್ನಿನಲ್ಲಿ ಬೇಯಿಸಿದರೆ ಗಟ್ಟಿಯಾಗುತ್ತದೆ. ಅದು ದುಬಾರಿ. ಆ ತಾಯಿ ಮುಖ ಮತ್ತು ಕೈಬೆರಳಿಗೆ ಮಾತ್ರ ಅದನ್ನು ಬಳಸಿ, ಉಳಿದ ಮೈಗೆ ಫೆವಿಕಾಲ್ ಮತ್ತು ಕಾರ್ನ್‌ಫ್ಲೋರ್ ಕಾಯಿಸಿ, ಎಣ್ಣೆ, ನಿಂಬೆರಸ ಬೆರೆಸಿ ನಾದಿದ ಮುದ್ದೆ ಹಚ್ಚುತ್ತಾರೆ. ಒಣಗುತ್ತ ಒಣಗುತ್ತ ಅದು ಕುಗ್ಗುತ್ತದೆ. ಎಷ್ಟು ಕುಗ್ಗುತ್ತದೆ ಎಂಬುದನ್ನು ಮೊದಲೇ ಅಂದಾಜು ಮಾಡಿ ಮೈ ದಪ್ಪ ಇಡಬೇಕು. ಈ ಅಂದಾಜನ್ನು ಯಾವ ವಿಡಿಯೊ ನೋಡಿಯೂ ಕಲಿಯಲಾಗದು. ದಾವಣಗೆರೆಯ ಬೇಸಿಗೆಯಲ್ಲಿ ಒಂದು ಥರ ಕುಗ್ಗಿದರೆ ಶ್ರಾವಣದ ಮೋಡದಲ್ಲಿ ಇನ್ನೊಂದು ಥರ.

ಕಾಗದದ ಮುದ್ದೆಯ ಗೊಂಬೆಗಳೂ ಅಲ್ಲಿದ್ದವು. ನೆನೆಹಾಕಿ ರುಬ್ಬಿದ ಹಳೆಯ ಪೇಪರಿಗೆ ಮೆಂತ್ಯದ ಹಿಟ್ಟು ಸೇರಿಸಿದರೆ ಹುಳ ಬೀಳುವುದಿಲ್ಲ. ಇದು ನಮ್ಮ ಅಜ್ಜಿಯರು ಕಾಗದದ ಬುಟ್ಟಿ, ಮೊರ ಮೆತ್ತುವಾಗ ಮಾಡುತ್ತಿದ್ದ ಉಪಾಯವೇ. ಆ ವರಾಂಡದಲ್ಲಿ ಸುಳಿದಾಡುತ್ತಿದ್ದುದು ಮೆಂತ್ಯದ ವಾಸನೆ.

ಅಳತೆಯ ವಿಚಾರಕ್ಕೆ ಬಂದರೆ ಅವರು ಶಿಲ್ಪಶಾಸ್ತ್ರದ ತಾಳಮಾನ ಹಿಡಿದವರು. ಮುಖದ ಉದ್ದ ಒಂದು ತಾಳ. ದೇವತೆಗೆ ನವತಾಳ, ಗಣಪತಿಗೆ ಪಂಚತಾಳ, ಮಗುವಿಗೆ ಚತುಸ್ತಾಳ. ಹದಿನೆಂಟು ಇಂಚಿನ ಹರಿಹರನಿಗೆ ನವತಾಳದ ಲೆಕ್ಕ ಹಾಕಿದರೆ ಮುಖಕ್ಕೆ ಎರಡು ಇಂಚು ಬರುತ್ತದೆ. ಎರಡು ಇಂಚಿನೊಳಗೆ ಎರಡು ದೇವರು. ಪಕ್ಕದ ಸ್ಟೂಲಿನ ಮೇಲಿದ್ದ ಜೋಕುಮಾರನಿಗೆ ಮಾತ್ರ ಈ ಶಾಸ್ತ್ರವಿಲ್ಲ. ದೊಡ್ಡ ತಲೆ, ಅಗಲ ಕಣ್ಣು, ಬೆಣ್ಣೆ ಮೆತ್ತಿದ ತೆರೆದ ಬಾಯಿ. ಗಣಪ್ಪ ಹೋದ ಮೇಲೆ ಬೇವಿನ ಸೊಪ್ಪಿನ ಬುಟ್ಟಿಯಲ್ಲಿ ಕೂತು ಹೆಂಗಸರ ತಲೆಯ ಮೇಲೆ ಮನೆಮನೆಗೆ ಬರುವ ಆ ಮಣ್ಣಿನ ಹುಡುಗನನ್ನು ಈ ಸೀಮೆಯ ಯಾವ ಮಗು ಮರೆತೀತು? ಏಳು ದಿನದ ಆಯಸ್ಸು ಅವನದು. ಮಳೆ ತಂದುಕೊಟ್ಟು ಸಾಯುತ್ತಾನೆ. ಪರದೇಶದ ಗೊಂಬೆ ಕಲಾವಿದರು ಯಕ್ಷಿ, ಮತ್ಸ್ಯಕನ್ಯೆ, ರೆಕ್ಕೆಯ ಕಿನ್ನರಿಯರನ್ನು ಮಾಡಿ ಅದನ್ನು ಫ್ಯಾಂಟಸಿ ಗೊಂಬೆ ಎನ್ನುತ್ತಾರೆ. ನಮ್ಮ ಕಡೆ ಆ ಲೋಕ ಬುಟ್ಟಿಯಲ್ಲಿ ಕೂತು ಬಾಗಿಲಿಗೇ ಬರುತ್ತದೆ. ಹೋಳಿಗೆ ಕಾಮಣ್ಣ-ರತಿ, ಮಣ್ಣೆತ್ತಿನ ಅಮಾವಾಸ್ಯೆಗೆ ಜೋಡಿ ಎತ್ತು, ಸರ್ಕಾರದ ಲಾಂಛನದಲ್ಲಿ ಎರಡು ತಲೆಯ ಗಂಡಭೇರುಂಡ, ಗುಡಿಯ ಮೆಟ್ಟಿಲ ಬದಿಯಲ್ಲಿ ಆನೆಯ ಸೊಂಡಿಲಿನ ಯಾಳಿ. ಕಲ್ಪನೆಗೆ ಬೇಕಾದ ಸಾಮಗ್ರಿ ಎಂದೂ ಕಡಿಮೆಯಾಗಿಲ್ಲ.

ಅದೇ ಸಾಮಗ್ರಿ ಸಕ್ಕರೆಯ ರೂಪ ತಾಳುವುದನ್ನು ನೋಡಲು ಹಳೇ ದಾವಣಗೆರೆಯ ಓಣಿಗೆ ಹೋಗಬೇಕು. ಕಾರ್ತಿಕದ ಗೌರಿ ಹುಣ್ಣಿಮೆ ಇನ್ನೂ ದೂರವಿರುವಾಗಲೇ ಅಲ್ಲಿ ಒಲೆ ಹೊತ್ತುತ್ತದೆ. ದೊಡ್ಡ ಪಾತ್ರೆಯಲ್ಲಿ ಸಕ್ಕರೆ ಪಾಕ. ಕೊಳೆ ತೆಗೆಯಲು ತುಸು ಹಾಲು ಬಿಡುತ್ತಾರೆ, ನೊರೆಯೊಂದಿಗೆ ಕಸ ಮೇಲೆ ಬರುತ್ತದೆ. ನಾಲ್ಕು ಹನಿ ನಿಂಬೆರಸ. ಸಣ್ಣ ಪಾತ್ರೆಗೆ ಬಗ್ಗಿಸಿ, ಪಾತ್ರೆಯ ಅಂಚಿಗೆ ಸೌಟಿನಿಂದ ತಿಕ್ಕುತ್ತ ಹೋದರೆ ತಿಳಿ ಪಾಕ ಇದ್ದಕ್ಕಿದ್ದಂತೆ ಬೆಳ್ಳಗಾಗುತ್ತದೆ. ಆ ಕ್ಷಣಕ್ಕೆ ಸರಿಯಾಗಿ ಅಚ್ಚಿಗೆ ಸುರಿಯಬೇಕು. ತಡವಾದರೆ ಪಾತ್ರೆಯಲ್ಲೇ ಕಲ್ಲಾಗುತ್ತದೆ. ಬೇಗನಾದರೆ ಅಚ್ಚಿನಿಂದ ಬಿಡುವುದಿಲ್ಲ.

ಅಚ್ಚು ಮರದ್ದು, ಎರಡು ಹೋಳು. ನೀರಲ್ಲಿ ನೆನೆಸಿ, ಎರಡೂ ಹೋಳು ಜೋಡಿಸಿ ದಾರದಿಂದ ಬಿಗಿದು ನಿಲ್ಲಿಸಿರುತ್ತಾರೆ. ತಲೆಮಾರುಗಳ ಕೈ ತಾಗಿ ಹೊರಮೈ ನುಣುಪಾಗಿದೆ. ಒಳಗೆ ಆನೆ, ಒಂಟೆ, ನವಿಲು, ತೇರು, ಬಸವಣ್ಣ, ಶಿವ-ಪಾರ್ವತಿ, ಎಲ್ಲವೂ ತಿರುಗುಮುರುಗಾಗಿ ಕೊರೆದದ್ದು. ಒಂದೆರಡು ನಿಮಿಷಕ್ಕೆ ದಾರ ಬಿಚ್ಚಿ, ಮೆಲ್ಲಗೆ ತಟ್ಟಿ ಹೋಳು ಬೇರೆ ಮಾಡಿದರೆ ಬಿಳಿಯ ಆನೆ ಎದ್ದು ನಿಲ್ಲುತ್ತದೆ. ಸೊಂಡಿಲಿನಿಂದ ಬಾಲದವರೆಗೆ ಸಣ್ಣದೊಂದು ಗೆರೆ ಇರುತ್ತದೆ, ಎರಡು ಹೋಳು ಕೂಡಿದ ಜಾಗ. ಒಲೆಯ ಮುಂದಿದ್ದ ಹಿರಿಯರು ಚಾಕುವಿನ ಬೆನ್ನಿನಿಂದ ಆ ಗೆರೆಯನ್ನು ಸವರುತ್ತಿದ್ದರು.

"ಯಜಮಾನ್ರೇ, ಪೂರ್ತಿ ತೆಗೆಯಲ್ವಾ?" ಎಂದು ಆ ತಾಯಿ ಕೇಳಿದರು.

"ಪೂರ್ತಿ ತೆಗದ್ರ ಆನಿ ಮೈ ಸಪೂರ ಆಗ್ತೈತವ್ವಾ. ಕೈಗೆ ಹತ್ತದಂಗೆ ಇದ್ರೆ ಸಾಕು. ಕಣ್ಣಿಗೆ ಕಾಣ್ಲಿ ಬಿಡು, ಎಲ್ಡು ಹೋಳು ಕೂಡೇ ಗೊಂಬಿ ಆಗಿರೋದು."

ಮರಳುವಾಗ ದಾರಿಯುದ್ದಕ್ಕೂ ಆ ತಾಯಿ ಹೆಚ್ಚು ಮಾತಾಡಲಿಲ್ಲ. ಹರಿಹರನ ಮುಖದ ಗೆರೆಯನ್ನು ಏನು ಮಾಡಬೇಕೆಂದು ಅವರಿಗೆ ಅಲ್ಲಿ ಗೊತ್ತಾಗಿತ್ತು.

ಮುಂದೆ ಅವರು ಮಾಡಿದ್ದು ಹೀಗೆ. ಹಣೆಯ ಮೇಲ್ಭಾಗದಲ್ಲಿ, ಜಟೆಗೂ ಕಿರೀಟಕ್ಕೂ ನಡುವೆ, ಗೆರೆಯನ್ನು ಹಾಗೇ ಬಿಟ್ಟರು. ಹುಬ್ಬಿನ ನಡುವಿನಿಂದ ಕೆಳಗೆ ಪೇಸ್ಟಲ್ ಬಳಪವನ್ನು ಬ್ಲೇಡಿನಿಂದ ಪುಡಿ ಮಾಡಿ, ಒಣ ಕುಂಚದಿಂದ ಬಿಳಿಯ ಮೇಲೆ ತುಸು ನೀಲಿ, ನೀಲಿಯ ಮೇಲೆ ತುಸು ಬೂದಿ, ಹೀಗೆ ಪದರ ಪದರವಾಗಿ ಒರೆಸುತ್ತ ಬಂದರು. ಮೂಗಿನ ತುದಿಗೆ ಬರುವಷ್ಟರಲ್ಲಿ ಯಾವುದು ಯಾರ ಬಣ್ಣ ಎಂದು ಹೇಳಲಾಗದು. ತುಟಿ ಪೂರ್ತಿ ಒಂದೇ ಬಣ್ಣ. ಬಲಗಿವಿಗೆ ನಾಗಕುಂಡಲ, ಎಡಗಿವಿಗೆ ಮಕರಕುಂಡಲ. ಬಲದ ತೊಡೆಗೆ ಹುಲಿಚರ್ಮದ ಚಿತ್ತಾರ ಬರೆದ ಹತ್ತಿ ಬಟ್ಟೆ, ಎಡಕ್ಕೆ ಹಳದಿ ರೇಷ್ಮೆಯ ಪೀತಾಂಬರ. ಎರಡೂ ಸೊಂಟಪಟ್ಟಿಯ ಕೆಳಗೆ ಒಂದೇ ನೆರಿಗೆಯಲ್ಲಿ ಸೇರುತ್ತವೆ. ಸೀರೆಯ ಜರಿಯಂಚನ್ನು ಇದ್ದ ಹಾಗೇ ಸಣ್ಣ ಗೊಂಬೆಗೆ ಹೊದಿಸಿದರೆ ದುಪ್ಪಟಿ ಹೊದಿಸಿದಂತೆ ಕಾಣುತ್ತದೆ. ಅದಕ್ಕೇ ಅಂಚಿನ ನೂಲನ್ನು ಎಳೆ ಎಳೆಯಾಗಿ ಬಿಡಿಸಿ ನಾಲ್ಕೇ ಎಳೆಯ ಹೊಸ ಅಂಚು ಹೊಲಿದಿದ್ದರು.

ಕಣ್ಣು ಬರೆದದ್ದು ಎಲ್ಲಕ್ಕಿಂತ ಕೊನೆಗೆ. ಗ್ರಾಮದೇವತೆಯ ಮರದ ಮೂರ್ತಿಗೆ ಬಣ್ಣ ಹಚ್ಚುವ ಚಿತ್ರಗಾರರೂ ದೃಷ್ಟಿ ಬರೆಯುವುದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಆ ಮನೆತನಗಳು ಇಂದಿಗೂ ಇವೆ. ಹಗುರ ಮರದ ಭಾಗಗಳನ್ನು ಹುಣಸೆ ಬೀಜದ ಅಂಟಿನಿಂದ ಕೂಡಿಸಿ, ಗೋಣಿಯ ನಾರು, ಮರದ ಹೊಟ್ಟು, ಅದೇ ಅಂಟು ಸೇರಿಸಿದ ಕಿಟ್ಟವನ್ನು ಮೈಗೆಲ್ಲ ಮೆತ್ತಿ, ಅದರ ಮೇಲೆ ಹತ್ತಿ ಬಟ್ಟೆಯ ಚೂರು ಅಂಟಿಸಿ, ಬೆಣಚು ಕಲ್ಲಿನ ಪುಡಿಯ ಬಿಳಿ ಲೇಪ ಕೊಟ್ಟ ಮೇಲೆಯೇ ಅವರು ಬಣ್ಣಕ್ಕೆ ಕೈ ಹಾಕುವುದು. ಒಡವೆಗಳನ್ನು ಆ ಕಲ್ಲುಪುಡಿಯ ಲೇಪದಿಂದಲೇ ಉಬ್ಬಿಸಿ ಬರೆಯುತ್ತಾರೆ. ವಿದ್ಯಾನಗರದ ತಾಯಿ ಹರಿಹರನ ಕೊರಳ ಹಾರ, ತೋಳಬಂದಿಗಳನ್ನು ಉಬ್ಬಿಸಿದ್ದು ಕಿನ್ನಾಳದ ಗೊಂಬೆಯೊಂದನ್ನು ಕೈಯಲ್ಲಿ ಹಿಡಿದು ನೋಡಿ ಕಲಿತ ವಿದ್ಯೆಯಿಂದ. ಕೂದಲಿನಷ್ಟು ಸಪೂರ ತುದಿಯ ಕುಂಚ ಹಿಡಿದು, ಉಸಿರು ಬಿಗಿಹಿಡಿದು ಬಲಗಣ್ಣಿನ ಗುಡ್ಡೆ ಇಟ್ಟರು. ಎಡಗಣ್ಣಿಗೆ ಹೋಗುವ ಮೊದಲು ಎದ್ದು ಕೈ ತೊಳೆದು ಬಂದರು. ಎರಡೂ ಕಣ್ಣು ಒಂದೇ ಕಡೆ ನೋಡಬೇಕು, ಒಂದೇ ದೂರ ನೋಡಬೇಕು. ಗುಡ್ಡೆಯ ಮೇಲೆ ಸಾಸಿವೆಗಿಂತ ಚಿಕ್ಕ ಬಿಳಿ ಚುಕ್ಕೆ ಬಿದ್ದದ್ದೇ ತಡ, ಗೊಂಬೆ ನಮ್ಮನ್ನು ನೋಡತೊಡಗಿತು.

ಇಂಥ ಗೊಂಬೆ ನವರಾತ್ರಿಯ ಸ್ಪರ್ಧೆಯಲ್ಲಿ ಹೇಗೆ ನಿಲ್ಲುತ್ತದೆ ಎನ್ನುವುದನ್ನೂ ನೋಡಿದೆ. ಸಭಾಂಗಣದ ತುಂಬ ರೇಷ್ಮೆ ಸೀರೆಯ ಸರಬರ, ಮಲ್ಲಿಗೆ, ಚರುಪಿನ ತಟ್ಟೆ. ಮೂರು, ಐದು, ಏಳು, ಒಂಬತ್ತು, ಹೀಗೆ ಬೆಸ ಸಂಖ್ಯೆಯ ಮೆಟ್ಟಿಲುಗಳ ಮೇಲೆ ಬಿಳಿ ಬಟ್ಟೆ ಹಾಸಿ ಕೂರಿಸಿದ ಗೊಂಬೆಗಳು. ಮೇಲಿನ ಮೆಟ್ಟಿಲಲ್ಲಿ ಪಟ್ಟದ ರಾಜ-ರಾಣಿ, ಮದುವೆಯಲ್ಲಿ ತವರಿನಿಂದ ಬಂದವರು. ಕೆಳಗೆ ದಶಾವತಾರ, ಅದಕ್ಕೂ ಕೆಳಗೆ ಬೇಳೆಕಾಳಿನ ಅಂಗಡಿ ಹರಡಿಕೊಂಡು ಕೂತ ಶೆಟ್ಟಿ ದಂಪತಿ. ನೋಡಲು ಎರಡು ಕಣ್ಣು ಸಾಲವು. ತೀರ್ಪುಗಾರರು ಹಾಳೆ ಹಿಡಿದು ಬಂದರು. ಎಷ್ಟು ಮೆಟ್ಟಿಲು, ಎಷ್ಟು ಗೊಂಬೆ, ಎಷ್ಟು ವರ್ಷದಿಂದ ಕೂರಿಸುತ್ತಿದ್ದೀರಿ, ಥೀಮ್ ಏನು ಎಂದು ಕೇಳಿದರು, ಬರೆದುಕೊಂಡರು. ಅಲಂಕಾರಕ್ಕೆ ಅಂಕ, ಅಚ್ಚುಕಟ್ಟಿಗೆ ಅಂಕ, ಸಂಗ್ರಹಕ್ಕೆ ಅಂಕ. ಈ ಗೊಂಬೆ ಮಾಡಿದವರು ಯಾರು ಎಂಬ ಪ್ರಶ್ನೆಗೆ ಹಾಳೆಯಲ್ಲಿ ಜಾಗವಿರಲಿಲ್ಲ.

ಹದಿನೆಂಟು ಇಂಚಿನ ಹರಿಹರ ಒಂದು ಬದಿಯಲ್ಲಿ ಒಂಟಿಯಾಗಿ ನಿಂತಿದ್ದ. ಮಕ್ಕಳು ಮಾತ್ರ ಅವನ ಮುಂದಿನಿಂದ ಕದಲಲಿಲ್ಲ. ಒಬ್ಬ ಹುಡುಗಿ ಒಂದು ಕಣ್ಣು ಮುಚ್ಚಿ, ಕೈಯಿಂದ ಗೊಂಬೆಯ ಅರ್ಧ ಮುಖ ಮರೆಮಾಡಿ ನೋಡಿದಳು. ಆಮೇಲೆ ಇನ್ನೊಂದು ಅರ್ಧ. "ಅಜ್ಜೀ, ಈ ಕಡೆ ಸಿಟ್ಟು ಮಾಡ್ಕೊಂಡೈತಿ, ಈ ಕಡೆ ನಗ್ತೈತಿ" ಎಂದು ಕೂಗಿದಳು. ಆ ತಾಯಿ ಕೂತಲ್ಲಿಂದಲೇ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡರು. ತುಟಿಯ ಬಲತುದಿಯನ್ನು ನೇರವಾಗಿಯೂ ಎಡತುದಿಯನ್ನು ಕೂದಲೆಳೆಯಷ್ಟು ಮೇಲಕ್ಕೂ ಒಯ್ದಿದ್ದರು ಅವರು. ಅಷ್ಟು ಜನರಲ್ಲಿ ಅದನ್ನು ಕಂಡದ್ದು ಆ ಹುಡುಗಿ.

ಸಂಗ್ರಹವನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಅತ್ತೆಯಿಂದ ಸೊಸೆಗೆ ಬಂದ ಗೊಂಬೆಗಳನ್ನು ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟು, ವರ್ಷಕ್ಕೊಮ್ಮೆ ಇಳಿಸಿ, ಮತ್ತೆ ಒಂದೂ ಮುಕ್ಕಾಗದಂತೆ ಎತ್ತಿಡುವುದು ದೊಡ್ಡ ಸಂಸ್ಕಾರ. ಮೈಸೂರಿನಲ್ಲಿ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ 2005ರಿಂದ ನಡೆಸುತ್ತಿರುವ 'ಬೊಂಬೆ ಮನೆ'ಯಿಂದ ಎಷ್ಟೋ ಕುಶಲಕರ್ಮಿಗಳಿಗೆ ದಸರೆಯ ಗಿರಾಕಿಗಳು ಸಿಕ್ಕಿದ್ದಾರೆ. ಆದರೆ ಸಂಗ್ರಹಿಸುವವರಿಗೂ ಸೃಷ್ಟಿಸುವವರಿಗೂ ಒಂದೇ ಅಂಕಪಟ್ಟಿ ಹಿಡಿದರೆ ಸೃಷ್ಟಿಸುವವರು ಪ್ರತಿ ಸಲವೂ ಸೋಲುತ್ತಾರೆ. ಒಂದು ಗೊಂಬೆಗೆ ತಿಂಗಳುಗಟ್ಟಲೆ ಕೂತವರು ಒಂಬತ್ತು ಮೆಟ್ಟಿಲು ತುಂಬಿಸುವುದಾದರೂ ಹೇಗೆ?

ಹೊರಗಿನವರು ಇದನ್ನು ಎಂದೋ ವಿಂಗಡಿಸಿಕೊಂಡಿದ್ದಾರೆ. ಅಮೆರಿಕದಲ್ಲಿ ಗೊಂಬೆ ಸಂಗ್ರಾಹಕರ ಸಂಘಗಳ ಒಕ್ಕೂಟ ಹುಟ್ಟಿದ್ದು 1949ರಲ್ಲಿ. ಗೊಂಬೆ ಮಾಡುವ ಕಲಾವಿದರದೇ ಆದ ಸಂಸ್ಥೆಯನ್ನು ಹೆಲೆನ್ ಬುಲಾರ್ಡ್ ಕಟ್ಟಿದ್ದು 1963ರಲ್ಲಿ. ಅಲ್ಲಿ ಮುಖ್ಯವಾದದ್ದು ಸ್ವಂತ ಕಲ್ಪನೆ, ಸ್ವಂತ ಕೈ. ಜಪಾನಿನ ವೋಕ್ಸ್ ಕಂಪನಿ 1999ರಲ್ಲಿ ಕೀಲುಕೀಲು ತಿರುಗುವ ಗೊಂಬೆಯನ್ನು ಮಾರುಕಟ್ಟೆಗೆ ತಂದ ಮೇಲೆ ಅದಕ್ಕೆ ಕಣ್ಣು, ಕೂದಲು, ಬಟ್ಟೆ ತಾವೇ ಮಾಡಿ ಪ್ರದರ್ಶಿಸುವ ದೊಡ್ಡ ಬಳಗವೇ ಹುಟ್ಟಿತು. ನಮ್ಮ ದೇಶದವರೂ ಹಿಂದೆ ಬಿದ್ದಿರಲಿಲ್ಲ. ವ್ಯಂಗ್ಯಚಿತ್ರಕಾರ ಕೆ. ಶಂಕರ್ ಪಿಳ್ಳೈ 1965ರಲ್ಲಿ ದೆಹಲಿಯಲ್ಲಿ ತೆರೆದ ಅಂತರರಾಷ್ಟ್ರೀಯ ಗೊಂಬೆಗಳ ವಸ್ತುಸಂಗ್ರಹಾಲಯದ ಜೊತೆಗೇ ಗೊಂಬೆ ಮಾಡುವ ಕಾರ್ಯಾಗಾರವೂ ಇತ್ತು. ಪೋಲೆಂಡಿನ ಕ್ರಾಕೋವ್ ನಗರದ ಗೊಂಬೆಗಳ ದ್ವೈವಾರ್ಷಿಕದಲ್ಲಿ 1980ರಲ್ಲಿ ಆ ಸಂಸ್ಥೆಗೆ ಮೊದಲ ಬಹುಮಾನ, ಚಿನ್ನದ ನವಿಲುಗರಿ, ಬಂತು. ಇತ್ತ ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ತೊಂಬತ್ತು ದಾಟಿದ ವಯಸ್ಸಿನಲ್ಲಿ, 2025ರಲ್ಲಿ, ತೊಗಲುಗೊಂಬೆಗಾಗಿ ಪದ್ಮಶ್ರೀ ಪಡೆದರು. ಗೊಂಬೆಯ ಹಿಂದಿನ ಕೈಯನ್ನು ಗುರುತಿಸಿದಾಗ ಆ ವಿದ್ಯೆಗೆ ಇನ್ನೊಂದು ತಲೆಮಾರಿನ ಆಯಸ್ಸು ಸಿಗುತ್ತದೆ.

ದಾವಣಗೆರೆಗೆ ಇದು ಕಷ್ಟದ ಕೆಲಸವೇನೂ ಅಲ್ಲ. ಊರಲ್ಲೇ ವಿಶ್ವವಿದ್ಯಾನಿಲಯದ ದೃಶ್ಯಕಲಾ ಕಾಲೇಜಿದೆ. ಅಲ್ಲಿಯ ಮೇಷ್ಟ್ರುಗಳನ್ನು ತೀರ್ಪಿಗೆ ಕರೆಯಬಹುದು. ಹಳೇ ಪೇಟೆಯ ಸಕ್ಕರೆ ಗೊಂಬೆಯವರಿದ್ದಾರೆ, ಗಣಪತಿ ಮಾಡುವ ಕುಂಬಾರರಿದ್ದಾರೆ, ಹರಿಹರದಲ್ಲಿ ಮರ ಕಡೆಯಬಲ್ಲವರಿದ್ದಾರೆ. ಮಹಿಳಾ ಮಂಡಳಿಗಳಿಗೆ, ಬಡಾವಣೆಯ ಸಂಘಗಳಿಗೆ ನನ್ನ ಕೋರಿಕೆ ಇಷ್ಟೇ: ಬರುವ ನವರಾತ್ರಿಯ ಗೊಂಬೆ ಸ್ಪರ್ಧೆಯಲ್ಲಿ 'ಸ್ವಂತ ಕೈಯಿಂದ ಮಾಡಿದ ಗೊಂಬೆ' ಎಂದು ಬೇರೆಯೇ ವಿಭಾಗ ಮಾಡಿ. ಅದಕ್ಕೊಂದು ಬೇರೆ ಮೇಜು ಹಾಕಿ, ಒಳ್ಳೆಯ ಬೆಳಕು ಕೊಡಿ, ಮಕ್ಕಳ ಕಣ್ಣಿನ ಎತ್ತರಕ್ಕೆ ಇಡಿ. ಗೊಂಬೆಯ ಮುಂದೆ ದೇವರ ಹೆಸರಿನ ಜೊತೆ ಮಾಡಿದವರ ಹೆಸರನ್ನೂ ಬರೆದಿಡಿ. ಗೊಂಬೆ ನೋಡಲು ಹೋಗುವ ಓದುಗರೂ ಚರುಪು ಕೈಗೆ ಬರುವ ಮೊದಲೇ ಒಂದು ಮಾತು ಕೇಳಿ: "ಅಕ್ಕಾ, ಇದನ್ನ ಮಾಡಿದ್ದು ಯಾರು?"